ಕೆಲಸಕ್ಕೆ ತಕ್ಕ ಹೆಸರು

ನಗರದ ದೊಡ್ಡ ಕಛೇರಿಯೊಂದನ್ನು ಇಂದು ಹೊಕ್ಕವರ ಕಣ್ಣಿಗೆ ಕಾಗದಪತ್ರಗಳಿಗಿಂತ ಮೊದಲು ಹಸಿರು ಬೀಳುತ್ತದೆ. ಬಾಗಿಲ ಇಕ್ಕೆಲಗಳಲ್ಲಿ ಅಡಕೆಯ ಸಸಿಯನ್ನು ಹೋಲುವ ಅರೆಕಾ ಪಾಮ್, ಮೆಟ್ಟಿಲ ತಿರುವಿನಲ್ಲಿ ಅಗಲವಾದ ಎಲೆಗಳ ರಬ್ಬರ್ ಗಿಡ, ಮೇಜಿನ ಅಂಚಿನಿಂದ ಇಳಿಬಿದ್ದ ಮನಿಪ್ಲಾಂಟ್ ಬಳ್ಳಿ, ಹಾವಿನ ಮೈಯ ಪಟ್ಟೆಗಳನ್ನು ನೆನಪಿಗೆ ತರುವ ಸ್ನೇಕ್ ಪ್ಲಾಂಟ್. ಬೆಂಗಳೂರಿನಂತಹ ಊರುಗಳಲ್ಲಿ ಇಂತಹ ಗಿಡಗಳು ಕಛೇರಿಯ ಮೇಜು ಕುರ್ಚಿಗಳಷ್ಟೇ ಸಾಮಾನ್ಯವಾಗಿಬಿಟ್ಟಿವೆ. ಇವು ತಮ್ಮಷ್ಟಕ್ಕೆ ತಾವೇ ಬೆಳೆಯುತ್ತಿವೆ ಎಂದು ನೋಡುವವರಿಗೆ ತೋರುತ್ತದೆ. ಆದರೆ ಪ್ರತಿ ಗಿಡದ ಹಿಂದೆಯೂ ಒಂದು ಕೈಯಿದೆ. ಬೆಳಗ್ಗೆ ನೌಕರರು ಬರುವ ಮೊದಲೇ ಬಂದು, ನೀರಿನ ಪಾತ್ರೆ, ಒರೆಸುವ ಬಟ್ಟೆ, ಕತ್ತರಿಗಳನ್ನು ಹಿಡಿದು, ಒಂದೊಂದೇ ಅಂತಸ್ತನ್ನು ಸುತ್ತಿ ಹೋಗುವ ಕೈ ಅದು.

ಈ ಕೆಲಸ ಮಾಡುವವರನ್ನು ಏನೆಂದು ಕರೆಯಬೇಕು? ಇದಕ್ಕೆ ಒಂದೇ ಉತ್ತರವಿಲ್ಲ. ಒಂದೆಡೆ ಅವರು ‘ಮಾಲಿ’, ಮತ್ತೊಂದೆಡೆ ‘ಹೌಸ್‌ಕೀಪಿಂಗ್’ನವರು. ಸರ್ಕಾರಿ ಕಛೇರಿಯ ದಾಖಲೆಯಲ್ಲಿ ಅವರು ‘ಗ್ರೂಪ್ ಡಿ’ಯ ಒಬ್ಬ ನೌಕರರು. ಹೊಸ ಕಂಪನಿಗಳ ಕೊರಳಪಟ್ಟಿಯಲ್ಲಿ ‘ಗ್ರೀನರಿ ಎಕ್ಸಿಕ್ಯುಟಿವ್’ ಎಂಬಂತಹ ಹೊಳೆಯುವ ಹೆಸರೂ ಇರಬಹುದು. ಅನೇಕ ಕಡೆಗಳಲ್ಲಿ ಅವರಿಗೆ ಹೆಸರೇ ಇಲ್ಲ. ‘ಗಿಡಕ್ಕೆ ನೀರು ಹಾಕುವವನು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅಷ್ಟರಲ್ಲಿಯೇ ಎಲ್ಲರೂ ತೃಪ್ತರು.

ಇದು ಬಹಳ ಚಿಕ್ಕ ವಿಷಯವೆಂದು ಕೆಲವರಿಗೆ ತೋರಬಹುದು. ಗಿಡ ಹಸಿರಾಗಿದ್ದರೆ ಸಾಲದೆ, ಹೆಸರಿಗಾಗಿ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಅವರು ಕೇಳಬಹುದು. ಆದರೆ ಹುದ್ದೆಯ ಹೆಸರು ಕೇವಲ ಕರೆಯುವುದಕ್ಕೆ ಇಟ್ಟುಕೊಂಡ ಶಬ್ದವಲ್ಲ. ಅದು ಹಾಜರಿ ಪುಸ್ತಕದಲ್ಲಿ ಕುಳಿತುಕೊಳ್ಳುತ್ತದೆ. ಸಂಬಳದ ಚೀಟಿಯಲ್ಲಿ ಅಚ್ಚಾಗುತ್ತದೆ. ಕೆಲಸ ಬಿಟ್ಟು ಬೇರೆಡೆಗೆ ಹೋಗುವಾಗ ಕೈಗೆ ಸಿಗುವ ಅನುಭವದ ಪ್ರಮಾಣಪತ್ರದಲ್ಲಿ ಉಳಿದುಕೊಳ್ಳುತ್ತದೆ. ಹತ್ತು ವರ್ಷ ಗಿಡಗಳನ್ನು ಸಾಕಿ ಸಲಹಿದ ಮನುಷ್ಯನ ಪ್ರಮಾಣಪತ್ರದಲ್ಲಿ ‘ಸಹಾಯಕ ಸಿಬ್ಬಂದಿ’ ಎಂದಷ್ಟೇ ಇದ್ದರೆ, ಮುಂದಿನ ಯಜಮಾನನ ಮುಂದೆ ಆ ಹತ್ತು ವರ್ಷಗಳ ಅರಿವು ಇಲ್ಲದಂತೆಯೇ ಆಗುತ್ತದೆ. ಮನುಷ್ಯ ಗಳಿಸಿದ ವಿದ್ಯೆಯನ್ನು ಹೆಸರೊಂದು ನುಂಗಿಹಾಕಬಹುದು. ಪ್ರಶ್ನೆ ಚಿಕ್ಕದಲ್ಲವೆಂಬುದಕ್ಕೆ ಇಷ್ಟು ಸಾಕು.

ತಕ್ಕ ಹೆಸರನ್ನು ಹುಡುಕುವ ಮುನ್ನ ಕೆಲಸವೇನೆಂಬುದನ್ನು ಅರಿಯಬೇಕು. ಕುಂಡದ ಗಿಡಕ್ಕೆ ನೀರು ಹಾಕುವುದು ಯಾರಾದರೂ ಮಾಡಬಹುದಾದ ಕೆಲಸವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಒಳಾಂಗಣದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಹೆಚ್ಚು. ಬೇರಿಗೂ ಉಸಿರಾಟವುಂಟು. ಕುಂಡದ ಮಣ್ಣಿನಲ್ಲಿ ನೀರು ನಿಂತರೆ ಬೇರಿಗೆ ಗಾಳಿ ದೊರೆಯದೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಹೀಗಾಗಿ ನೀರಿನ ನಡುವೆಯೇ ನಿಂತು ಗಿಡ ಬಾಡುತ್ತದೆ. ಬಾಡಿದ ಎಲೆಗಳನ್ನು ಕಂಡ ಅರಿಯದವನು ಮತ್ತೊಂದು ಚೊಂಬು ನೀರು ಸುರಿಯುತ್ತಾನೆ. ಅರಿತವನು ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ, ಆ ದಿನ ಸುಮ್ಮನಿರುತ್ತಾನೆ. ನೀರು ಹಾಕುವುದಕ್ಕಿಂತ ಯಾವಾಗ ಹಾಕಬಾರದೆಂದು ಬಲ್ಲುದೇ ಈ ಕೆಲಸದ ಮೊದಲ ಪಾಠ.

ಬೆಳಕಿನ ವಿಷಯವೂ ಹಾಗೆಯೇ. ಕಿಟಕಿಯಿಂದ ಕೆಲವೇ ಅಡಿ ಒಳಕ್ಕೆ ಸರಿದರೂ ಬೆಳಕು ಬಹಳವಾಗಿ ಕುಂದುತ್ತದೆ. ನಮ್ಮ ಕಣ್ಣು ಅದಕ್ಕೆ ಬೇಗ ಹೊಂದಿಕೊಳ್ಳುವುದರಿಂದ ನಮಗೆ ಅದು ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಆಲದ ಕುಲಕ್ಕೆ ಸೇರಿದ ಫೈಕಸ್ ಬೆಂಜಮಿನವನ್ನು ನರ್ಸರಿಯ ತುಂಬು ಬೆಳಕಿನಿಂದ ತಂದು ಒಮ್ಮೆಲೆ ಮಬ್ಬು ಕೋಣೆಯಲ್ಲಿಟ್ಟರೆ ಅದು ಎಲೆಗಳನ್ನು ಉದುರಿಸಿಬಿಡುತ್ತದೆ. ಅದನ್ನು ಮೆಲ್ಲಮೆಲ್ಲನೆ ನೆರಳಿಗೆ ಒಗ್ಗಿಸಬೇಕು. ಹವಾನಿಯಂತ್ರಣ ಯಂತ್ರದಿಂದ ನೇರವಾಗಿ ಬೀಸುವ ಒಣಗಾಳಿ ಎಲೆಯ ಅಂಚನ್ನು ಸುಡುತ್ತದೆ. ಕೊಳವೆಬಾವಿಯ ಗಡಸು ನೀರಿನ ಲವಣಗಳು ಕುಂಡದಲ್ಲಿ ಕೂಡಿಕೊಂಡು ಎಲೆಯ ತುದಿಯನ್ನು ಕಂದಿಸುತ್ತವೆ. ಹಿಟ್ಟು ತಿಗಣೆ ಎಲೆಯ ಕಂಕುಳಲ್ಲಿ ಬೆಳ್ಳಗೆ ಅಡಗಿ ಕುಳಿತಿರುತ್ತದೆ. ಒಂದು ಗಿಡದಲ್ಲಿ ಅದನ್ನು ಕಾಣದೆ ಬಿಟ್ಟರೆ ಕೆಲವೇ ವಾರಗಳಲ್ಲಿ ಸಾಲಿನ ಗಿಡಗಳಿಗೆಲ್ಲ ಹಬ್ಬುತ್ತದೆ.

ಇದಲ್ಲದೆ ಅಪಾಯದ ಅರಿವೂ ಬೇಕು. ಚುಕ್ಕೆಯೆಲೆಗಳಿಂದ ಮನಸೆಳೆಯುವ ಡೀಫೆನ್‌ಬೇಕಿಯ ಎಂಬ ಗಿಡದ ರಸದಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಅದರ ಕಾಂಡವನ್ನು ಅಗಿದರೆ ಬಾಯಿ ಉರಿದು, ನಾಲಿಗೆ ಊದಿ, ಮಾತನಾಡುವುದೇ ಕಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಡಂಬ್ ಕೇನ್’, ಎಂದರೆ ಮೂಕಾಗಿಸುವ ದಂಟು, ಎಂಬ ಹೆಸರು ಬಂದಿರುವುದು ಇದರಿಂದಲೇ. ಇಂತಹ ಗಿಡವನ್ನು ಮಕ್ಕಳು ಬಂದು ಹೋಗುವ ಕಡೆ ಇಡಬಾರದೆಂದು ತಿಳಿದಿರಬೇಕಾದವರು ಯಾರು? ಅದನ್ನು ಕೊಂಡುಕೊಂಡ ಅಧಿಕಾರಿಗೆ ಇದು ತಿಳಿದಿರಬೇಕೆಂದಿಲ್ಲ. ಗಿಡವನ್ನು ನೋಡಿಕೊಳ್ಳುವವನಿಗೆ ತಿಳಿದಿರಲೇಬೇಕು. ಗಿಡಕ್ಕೆ ಹೆಸರಿಟ್ಟವರು ಅದರ ಗುಣವನ್ನು ನೋಡಿ ಹೆಸರಿಟ್ಟರು. ಗಿಡವನ್ನು ಸಾಕುವ ಮನುಷ್ಯನಿಗೆ ಹೆಸರಿಡುವಾಗಲೂ ಅಷ್ಟು ಎಚ್ಚರ ಬೇಡವೆ?

ಇಷ್ಟು ಅರಿವನ್ನು ಬೇಡುವ ಕೆಲಸಕ್ಕೆ ಇಂದು ಚಾಲ್ತಿಯಲ್ಲಿರುವ ಹೆಸರುಗಳನ್ನು ಪರಿಶೀಲಿಸಿದರೆ ಅವುಗಳಲ್ಲಿ ಎರಡು ಬಗೆಯ ದೋಷ ಕಾಣುತ್ತದೆ. ಮೊದಲನೆಯದು ಕೆಲಸವನ್ನು ಮರೆಮಾಚುವ ಹೆಸರು. ಕೇಂದ್ರ ಸರ್ಕಾರದಲ್ಲಿ ಆರನೆಯ ವೇತನ ಆಯೋಗದ ಶಿಫಾರಸಿನ ತರುವಾಯ ‘ಡಿ’ ಗುಂಪಿನ ಹುದ್ದೆಗಳು ‘ಸಿ’ ಗುಂಪಿಗೆ ಸೇರಿದವು. ಜವಾನ, ದಫ್ತರಿ, ಫರಾಶ, ಚೌಕೀದಾರ, ಮಾಲಿ ಮುಂತಾದ ಹಳೆಯ ಹೆಸರುಗಳೆಲ್ಲ ಹೋಗಿ ‘ಮಲ್ಟಿ ಟಾಸ್ಕಿಂಗ್ ಸ್ಟಾಫ್’, ಎಂದರೆ ಬಹುಕಾರ್ಯ ಸಿಬ್ಬಂದಿ, ಎಂಬ ಒಂದೇ ಹೆಸರು ಬಂದಿತು. 2010ರಲ್ಲಿ ಹೊರಟ ಆದೇಶದಲ್ಲಿ ಈ ಹುದ್ದೆಯ ಕರ್ತವ್ಯಗಳ ಪಟ್ಟಿಯಿದೆ. ಕಡತಗಳನ್ನು ಸಾಗಿಸುವುದು, ಕೋಣೆಗಳನ್ನು ತೆರೆದು ಮುಚ್ಚುವುದು, ಪೀಠೋಪಕರಣಗಳ ಧೂಳನ್ನು ಒರೆಸುವುದು ಇವುಗಳ ಜೊತೆಗೆ ಉದ್ಯಾನ, ಹುಲ್ಲುಹಾಸು, ಕುಂಡದ ಗಿಡಗಳನ್ನು ನೋಡಿಕೊಳ್ಳುವುದೂ ಅಲ್ಲಿ ಸೇರಿಕೊಂಡಿದೆ.

ಈ ಬದಲಾವಣೆಯಿಂದ ನೌಕರರ ದರ್ಜೆಯೂ ಸಂಬಳವೂ ಮೇಲಕ್ಕೇರಿದುವೆಂಬುದು ನಿಜ, ಅದನ್ನು ಅಲ್ಲಗಳೆಯಬಾರದು. ಕೀಳೆಂದು ಬಗೆಯಲಾಗುತ್ತಿದ್ದ ಕೆಲವು ಹೆಸರುಗಳಿಂದ ಬಿಡುಗಡೆ ದೊರೆತುದೂ ಒಳಿತೇ. ಆದರೆ ಎಲ್ಲ ಕೆಲಸಕ್ಕೂ ಒಂದೇ ಹೆಸರಾದಾಗ ಯಾವ ಕೆಲಸಕ್ಕೂ ಹೆಸರಿಲ್ಲದಂತಾಗುತ್ತದೆ. ಕಡತ ಸಾಗಿಸುವವನಿಗೆ ಗಿಡದ ಬೇರಿನ ವಿಷಯ ತಿಳಿದಿರಬೇಕೆಂದು ಯಾರೂ ನಿರೀಕ್ಷಿಸರು. ಗಿಡವನ್ನು ಬಲ್ಲವನ ಅರಿವನ್ನು ಯಾರೂ ಗುರುತಿಸರು. ಖಾಸಗಿ ಕಛೇರಿಗಳ ‘ಹೌಸ್‌ಕೀಪಿಂಗ್’ ಎಂಬ ಪದವೂ ಇದೇ ಬಗೆಯದು. ನೆಲ ಒರೆಸುವುದು, ಗಾಜು ಉಜ್ಜುವುದು ಗೌರವದ ಕೆಲಸಗಳೇ. ಆದರೆ ಅವು ಬೇರೆ ಕೆಲಸಗಳು. ನೆಲವನ್ನು ದಿನವೂ ಒರೆಸಿದಂತೆ ಗಿಡಕ್ಕೆ ದಿನವೂ ನೀರು ಹಾಕಿದರೆ ಗಿಡ ಉಳಿಯುವುದಿಲ್ಲ.

ಎರಡನೆಯದು ಕೆಲಸವನ್ನು ಉಬ್ಬಿಸುವ ಹೆಸರು. ಗ್ರೀನರಿ ಎಕ್ಸಿಕ್ಯುಟಿವ್, ಪ್ಲಾಂಟ್ ಕೇರ್ ಮ್ಯಾನೇಜರ್ ಮೊದಲಾದುವು ಈ ಜಾತಿಗೆ ಸೇರಿದವು. ಕನ್ನಡದಲ್ಲಿಯೂ ಈ ಚಪಲ ಇಲ್ಲದಿಲ್ಲ. ‘ಹರಿದ್ವರ್ಣ ಪರಿಸರ ನಿರ್ವಹಣಾಧಿಕಾರಿ’ ಎಂದು ಸಂಸ್ಕೃತದ ನಾಲ್ಕು ಶಬ್ದಗಳನ್ನು ಪೋಣಿಸಿದರೆ ಹೆಸರು ಭಾರವಾಗುತ್ತದೆಯೇ ಹೊರತು ಅದನ್ನು ಹೊತ್ತವನ ಬದುಕು ಹಗುರವಾಗುವುದಿಲ್ಲ. ಅಧಿಕಾರವಿಲ್ಲದ ಅಧಿಕಾರಿ, ಯಾರನ್ನೂ ನಿರ್ವಹಿಸದ ಮ್ಯಾನೇಜರ್ ಎಂಬ ಬಿರುದುಗಳು ಒಳಗೊಳಗೇ ನಗೆಗೆ ಎಡೆಮಾಡಿಕೊಡುತ್ತವೆ. ಸಂಬಳವನ್ನು ಹೆಚ್ಚಿಸದೆ ಹೆಸರನ್ನು ಮಾತ್ರ ಹೆಚ್ಚಿಸುವ ಯಜಮಾನನನ್ನು ಕುರಿತು ನಮ್ಮ ಹಿರಿಯರು ಹೇಳುತ್ತಿದ್ದ ಗಾದೆಯೊಂದು ಇಲ್ಲಿ ಸಲ್ಲುತ್ತದೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.

ಉಬ್ಬಿದ ಹೆಸರುಗಳಲ್ಲಿ ಇನ್ನೊಂದು ಕೆಡಕೂ ಉಂಟು. ಅವು ನೆರವೇರಿಸಲಾಗದ ಭರವಸೆಯನ್ನು ಕೊಡುತ್ತವೆ. ಕಛೇರಿಯ ಗಿಡಗಳು ಗಾಳಿಯನ್ನು ಶುದ್ಧಮಾಡುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ 1989ರಲ್ಲಿ ಪ್ರಕಟಿಸಿದ ವರದಿಯೊಂದು ಇದಕ್ಕೆ ಮೂಲ. ಆದರೆ ಆ ಪ್ರಯೋಗಗಳು ನಡೆದುದು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಅಂತಹ ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಲೇಖನವೊಂದು ಬೇರೆಯೇ ನಿರ್ಣಯಕ್ಕೆ ಬಂದಿತು. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ನೆಲದ ಒಂದೊಂದು ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂಬುದು ಅದರ ಲೆಕ್ಕ. ಗಿಡಗಳು ಕಣ್ಣಿಗೆ ತಂಪನ್ನೂ ಮನಸ್ಸಿಗೆ ಹಿತವನ್ನೂ ಕೊಡುತ್ತವೆ. ಅಷ್ಟೇ ಸಾಕಾದ ಕಾರಣ. ಅವುಗಳನ್ನು ಸಾಕುವವನಿಗೆ ಗಾಳಿಯನ್ನು ಶೋಧಿಸುವ ವಿಜ್ಞಾನಿಯ ವೇಷ ತೊಡಿಸಬೇಕಾಗಿಲ್ಲ. ಸುಳ್ಳಿನ ಗೌರವ ಕೊನೆಯಲ್ಲಿ ಅಗೌರವವೇ ಆಗುತ್ತದೆ.

ಹಾಗಾದರೆ ಹೆಸರಿನ ಗೊಡವೆಯನ್ನೇ ಬಿಟ್ಟು ಸಂಬಳದ ಮಾತನ್ನು ಮಾತ್ರ ಆಡಬಾರದೇಕೆ ಎಂಬ ಆಕ್ಷೇಪಣೆ ಬರಬಹುದು. ಇದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಊರನ್ನು ಗುಡಿಸಿ ಶುಚಿಯಾಗಿಡುವವರನ್ನು ಹಿಂದೆ ‘ಜಾಡಮಾಲಿ’ ಎಂದು ಕರೆಯುತ್ತಿದ್ದರು. ಆ ಹೆಸರಿನ ಜೊತೆಗೆ ತಾತ್ಸಾರವೂ ಜಾತಿಯ ಕೀಳುನೋಟವೂ ಅಂಟಿಕೊಂಡಿದ್ದುವು. ಅದರ ಜಾಗದಲ್ಲಿ ಬಂದ ‘ಪೌರಕಾರ್ಮಿಕ’ ಎಂಬ ಹೆಸರು ಅವರನ್ನು ಜಾತಿಯಿಂದಲ್ಲದೆ ಪುರದ ಸೇವೆಯಿಂದ ಗುರುತಿಸಿತು. ಇಂದು ಸೆಪ್ಟೆಂಬರ್ 23ನ್ನು ಕರ್ನಾಟಕದಲ್ಲಿ ಪೌರಕಾರ್ಮಿಕರ ದಿನವಾಗಿ ಆಚರಿಸುತ್ತಾರೆ. ಹೆಸರು ಇಷ್ಟನ್ನು ಸಾಧಿಸಿತು. ಆದರೆ ಹೆಸರು ಬದಲಾದುದರಿಂದ ಗುತ್ತಿಗೆಯ ಕಷ್ಟ ತಾನಾಗಿ ನೀಗಲಿಲ್ಲ. ತಮ್ಮ ಕೆಲಸವನ್ನು ಕಾಯಂ ಮಾಡಬೇಕೆಂದು ಕೇಳಿ ಅವರು 2022ರ ಜುಲೈ ತಿಂಗಳಿನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. ಒಳ್ಳೆಯ ಹೆಸರು ನ್ಯಾಯದ ಆರಂಭ, ನ್ಯಾಯದ ಪೂರೈಕೆಯಲ್ಲ. ಹಾಗೆಂದು ಆರಂಭವನ್ನು ತೊರೆಯಲಾಗದು. ನ್ಯಾಯವನ್ನು ಕೇಳುವವರು ಮೊದಲು ತಾವು ಇಂತಹವರೆಂದು ಹೇಳಿಕೊಳ್ಳಲು ಒಂದು ಹೆಸರು ಬೇಕಷ್ಟೆ.

ಕೆಲಸದ ಹೆಸರನ್ನು ತಲೆಯೆತ್ತಿ ಹೇಳಿಕೊಳ್ಳುವುದನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೇ ನೋಡಬಹುದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಸತ್ತಿಗೆ ಕಾಯಕದ ಮಾರಿತಂದೆ, ಬತ್ತ ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮ. ಕೊಡೆ ಹಿಡಿಯುವವನು ತಾನು ಕೊಡೆ ಹಿಡಿಯುವವನೆಂದೇ ಹೇಳಿಕೊಂಡ. ‘ಛತ್ರಾಧಿಕಾರಿ’ ಎಂದು ಕರೆಸಿಕೊಳ್ಳಲಿಲ್ಲ. ‘ಅರಮನೆಯ ಸಿಬ್ಬಂದಿ’ಯೆಂಬ ಮುಸುಕಿನಲ್ಲಿಯೂ ಅಡಗಲಿಲ್ಲ. ಮರೆಮಾಚದೆ, ಉಬ್ಬಿಸದೆ, ಇದ್ದುದನ್ನು ಇದ್ದಂತೆ ಹೇಳಿದ ಹೆಸರುಗಳಿವು. ಅವುಗಳಿಗೆ ಗೌರವ ಬಂದುದು ಶಬ್ದದ ಸೊಗಸಿನಿಂದಲ್ಲ. ದುಡಿಮೆಯಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಸಮಾಜವೊಂದು ಅವುಗಳ ಬೆನ್ನಿಗೆ ನಿಂತುದರಿಂದ.

ಈ ಅಳತೆಗೋಲನ್ನು ಹಿಡಿದು ನೋಡಿದರೆ, ಕಛೇರಿಯ ಗಿಡಗಳನ್ನು ಸಾಕುವವರಿಗೆ ಹೊಸ ಹೆಸರನ್ನು ಕಟ್ಟುವ ಅಗತ್ಯವೇ ಇಲ್ಲ. ‘ತೋಟಗಾರ’ ಎಂಬ ಹಳೆಯ ಹೆಸರು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಹೆಂಗಸಾದರೆ ‘ತೋಟಗಾರ್ತಿ’. ಓದಲು ಬಾರದವರಿಗೂ ಅರ್ಥವಾಗುವ, ಮಕ್ಕಳು ಶಾಲೆಯಲ್ಲಿ ತಂದೆಯ ಅಥವಾ ತಾಯಿಯ ಕೆಲಸವೇನೆಂದು ಕೇಳಿದಾಗ ಅಳುಕದೆ ಹೇಳಬಹುದಾದ ಶಬ್ದವದು. ಕುಂಡಗಳಿರುವ ಕಟ್ಟಡದಲ್ಲಿ ತೋಟವೆಲ್ಲಿದೆ ಎಂದು ತರ್ಕಪ್ರಿಯರು ಕೇಳಬಹುದು. ಮನೆಯ ಹಿತ್ತಲಿನ ನಾಲ್ಕು ಗಿಡಗಳನ್ನು ‘ಕೈತೋಟ’ವೆಂದೂ ಮಾಳಿಗೆಯ ಮೇಲಿನ ಕುಂಡಗಳನ್ನು ‘ತಾರಸಿ ತೋಟ’ವೆಂದೂ ಒಪ್ಪಿಕೊಂಡ ಭಾಷೆಗೆ ಇದೇನೂ ದೊಡ್ಡ ತೊಡಕಲ್ಲ. ಹತ್ತು ಅಂತಸ್ತುಗಳಲ್ಲಿ ಹರಡಿದ ಇನ್ನೂರು ಕುಂಡಗಳು ಒಂದು ತೋಟವೇ; ಅದರ ನೆಲ ಮಾತ್ರ ಹೋಳುಹೋಳಾಗಿದೆ. ವಿಶೇಷವನ್ನು ತಿಳಿಸಲೇಬೇಕಾದರೆ ‘ಒಳಾಂಗಣ ತೋಟಗಾರ’ ಎಂದರಾಯಿತು.

ಹಳೆಯ ಹೆಸರನ್ನು ಆಯ್ದುಕೊಳ್ಳುವುದಕ್ಕೆ ಭಾಷೆಯ ಪ್ರೀತಿಯೊಂದೇ ಕಾರಣವಲ್ಲ. ವ್ಯವಹಾರದ ಕಾರಣವೂ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವೃತ್ತಿಗಳ ವರ್ಗೀಕರಣವನ್ನು 2008ರಲ್ಲಿ ಪರಿಷ್ಕರಿಸಲಾಯಿತು. ಅದರಲ್ಲಿ ತೋಟಗಾರರೂ ಸಸ್ಯಕ್ಷೇತ್ರಗಳ ಬೆಳೆಗಾರರೂ 6113ನೆಯ ಸಂಖ್ಯೆಯಡಿ, ಎಂದರೆ ಕುಶಲ ಕೆಲಸಗಾರರ ಆರನೆಯ ವರ್ಗದಲ್ಲಿ ಬರುತ್ತಾರೆ. ತೋಟದ ಕೂಲಿಗಳಾದರೋ 9214ನೆಯ ಸಂಖ್ಯೆಯಡಿ, ಸರಳ ದುಡಿಮೆಯ ಒಂಬತ್ತನೆಯ ವರ್ಗದಲ್ಲಿ ಬರುತ್ತಾರೆ. ಭಾರತದ 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣವೂ ಇದನ್ನೇ ಅನುಸರಿಸಿದೆ. ಕನಿಷ್ಠ ವೇತನದ ಅಧಿಸೂಚನೆಗಳೂ ಕೆಲಸಗಾರರನ್ನು ಕುಶಲರು, ಅರೆಕುಶಲರು, ಅಕುಶಲರು ಎಂದು ವಿಂಗಡಿಸಿ ಬೇರೆಬೇರೆ ದರಗಳನ್ನು ಗೊತ್ತುಪಡಿಸುತ್ತವೆ. ಅದೇ ಮನುಷ್ಯ, ಅದೇ ಗಿಡ, ಅದೇ ಕತ್ತರಿ. ಆದರೆ ದಾಖಲೆಯಲ್ಲಿ ಬರೆದ ಹೆಸರಿನ ಮೇಲೆ ಅವನು ಯಾವ ಸಾಲಿನಲ್ಲಿ ನಿಲ್ಲುವನೆಂಬುದು ನಿಂತಿರಬಹುದು. ‘ಗ್ರೀನರಿ ಎಕ್ಸಿಕ್ಯುಟಿವ್’ ಎಂಬ ಹೆಸರಿಗೆ ಇಂತಹ ಪಟ್ಟಿಗಳಲ್ಲಿ ಮನೆಯೇ ಇಲ್ಲ. ತೋಟಗಾರನಿಗೆ ಮನೆಯಿದೆ, ಕೇಳುವುದಕ್ಕೆ ಹಕ್ಕೂ ಇದೆ.

ಆ ಹೆಸರಿನ ಹಿಂದೆ ಶಿಕ್ಷಣವೂ ಉಂಟು. ಕರ್ನಾಟಕದ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗಾಗಿ 10 ತಿಂಗಳ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ಇತಿಹಾಸವೂ ಉಂಟು. 1760ರಲ್ಲಿ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ ಬೆಳೆದುದು ತೋಟಗಾರರ ಕೈಯಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಜಿ. ಎಚ್. ಕೃಂಬಿಗಲ್ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡ ಸಂಸ್ಥಾನದ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಲಾಲ್‌ಬಾಗಿಗೆ ಬಂದರು. ಒಂದು ಜಾತಿಯ ಮರಗಳ ಹೂ ಮುಗಿಯುವ ವೇಳೆಗೆ ಇನ್ನೊಂದು ಜಾತಿಯವು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ಯೋಜಿಸಿದ ಕೀರ್ತಿ ಅವರದು. ಅವರ ತರುವಾಯ ಎಚ್. ಸಿ. ಜವರಾಯರೂ ಎಂ. ಎಚ್. ಮರಿಗೌಡರೂ ಆ ಪರಂಪರೆಯನ್ನು ಮುಂದುವರಿಸಿದರು. ಅವರು ವಹಿಸಿದ ಅಧಿಕಾರ ಬೇರೆ, ಕಛೇರಿಯ ಕುಂಡಕ್ಕೆ ನೀರೆರೆಯುವವನ ಕೆಲಸ ಬೇರೆ ಎಂಬುದು ಸ್ಪಷ್ಟ. ಆದರೆ ವಿದ್ಯೆ ಒಂದೇ. ನೆಲದ ಹದವನ್ನು ಬೆರಳಿನಿಂದ ಅರಿಯುವುದರಿಂದಲೇ ಆ ವಿದ್ಯೆ ಎಲ್ಲರಿಗೂ ಆರಂಭವಾಗುತ್ತದೆ.

ಆದುದರಿಂದ ಹೆಸರಿಡುವವರು ಮೂರು ವಿಷಯಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಹೆಸರು ಕೆಲಸವನ್ನು ತಿಳಿಸಬೇಕು. ಹೆಸರಿಗೆ ಏರುವ ಮೆಟ್ಟಿಲುಗಳಿರಬೇಕು. ತೋಟಗಾರ, ಹಿರಿಯ ತೋಟಗಾರ, ಮುಖ್ಯ ತೋಟಗಾರ ಎಂದು ಅನುಭವಕ್ಕೆ ತಕ್ಕಂತೆ ಸ್ಥಾನವೂ ಸಂಬಳವೂ ಬೆಳೆಯಬೇಕು. ಕೊನೆಯದಾಗಿ, ಹೆಸರನ್ನು ಹೊರುವವರನ್ನು ಒಮ್ಮೆ ಕೇಳಬೇಕು. ಹುದ್ದೆಗಳಿಗೆ ಹೆಸರಿಡುವ ಸಭೆಗಳಲ್ಲಿ ಸಾಮಾನ್ಯವಾಗಿ ಆ ಹುದ್ದೆಯವರು ಇರುವುದಿಲ್ಲ. ಸಭೆ ನಡೆಯುವ ಕೋಣೆಯ ಮೂಲೆಯಲ್ಲಿ ಕುಂಡವೊಂದು ಇದ್ದರೂ ಅದನ್ನು ಹಸಿರಾಗಿಟ್ಟವರು ಹೊರಗಿರುತ್ತಾರೆ. ಅವರನ್ನು ಒಳಕ್ಕೆ ಕರೆದು, ನಿಮ್ಮನ್ನು ಏನೆಂದು ಕರೆಯೋಣ ಎಂದು ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಮುಂದೆ ಕಛೇರಿಗಳಲ್ಲಿ ದುಡಿಯಲಿರುವ ಇಂದಿನ ವಿದ್ಯಾರ್ಥಿಗಳು ಈ ಮಾತನ್ನು ನೆನಪಿನಲ್ಲಿಡುವುದು ಯುಕ್ತ. ಅವರಲ್ಲಿ ಕೆಲವರು ಕುಂಡದ ಪಕ್ಕದ ಮೇಜಿನಲ್ಲಿ ಕೂರುವರು; ಕೆಲವರು ಆ ಕುಂಡವನ್ನು ನೋಡಿಕೊಳ್ಳುವರು; ಇನ್ನು ಕೆಲವರು ಇತರರ ಹುದ್ದೆಗಳಿಗೆ ಹೆಸರು ಬರೆಯುವ ಸ್ಥಾನಕ್ಕೂ ಏರುವರು. ಅಂತಹವರು ಲೇಖನಿಯನ್ನು ಎತ್ತಿಕೊಳ್ಳುವ ಮುನ್ನ ಒಂದು ದಿನ ಬೆಳಗ್ಗೆ ಬೇಗನೆ ಬಂದು, ಆ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಕಣ್ಣಾರೆ ನೋಡಲಿ. ಕೆಲಸವನ್ನು ಸರಿಯಾಗಿ ಕಂಡವರಿಗೆ ಅದರ ಹೆಸರು ತಾನಾಗಿ ಹೊಳೆಯುತ್ತದೆ.